ಕುರ್ಚಿ ಇಲ್ಲದ ಕಡೆ

ಇಲ್ಲದ್ದನ್ನು ಬರೆಯಲು ಹೊರಟವನಿಗೆ ಇರುವವರೆಲ್ಲ ಅಡ್ಡ ಬರುತ್ತಾರೆ. ಆ ವರ್ಷವೆಲ್ಲ ನನಗೆ ಹೀಗೇ ಆಯಿತು. ರಾಜಾಜಿನಗರದಲ್ಲಿ ಆಗಿನ್ನೂ ಮನೆಗಳಿಗಿಂತ ಸೈಟುಗಳೇ ಹೆಚ್ಚು. ನಾನು ಅಲ್ಲಿನ ಮಿಡ್ಲ್ ಸ್ಕೂಲಿನಲ್ಲಿ ಹಂಗಾಮಿ ಮೇಷ್ಟ್ರು. ಡ್ರಾಯಿಂಗ್ ಪರೀಕ್ಷೆ ಪಾಸಾದರೆ ಕೆಲಸ ಕಾಯಂ, ಇಲ್ಲದಿದ್ದರೆ ಆ ಜಾಗಕ್ಕೆ ಬೇರೆಯವರು ಎಂದು ಹೆಡ್‌ಮಾಸ್ಟರು ಹೇಳಿಬಿಟ್ಟಿದ್ದರು. ನನಗೋ ನೆಟ್ಟಗೆ ಒಂದು ಗೆರೆ ಎಳೆಯಲು ಬಾರದು. ಸಂಜೆ ಹೊತ್ತು ಒಬ್ಬ ಚಿತ್ರದ ಮೇಷ್ಟ್ರ ಮನೆಗೆ ಪಾಠಕ್ಕೆ ಸೇರಿದೆ.

ಮೊದಲ ಪಾಠ

ಮೇಷ್ಟ್ರು ಮೇಜಿನ ಮೇಲೆ ಒಂದು ಕುರ್ಚಿ ಇಟ್ಟು, "ಕುರ್ಚಿ ಬರೀಬೇಡಿ. ಕುರ್ಚಿ ಇಲ್ಲದ ಕಡೆ ಬರೀರಿ" ಎಂದರು. ಕಾಲುಗಳ ನಡುವಿನ ಸಂದು, ಬೆನ್ನಿನ ಪಟ್ಟಿಗಳ ನಡುವಿನ ಕಿಂಡಿ, ಇವುಗಳ ಆಕಾರ ಸರಿಯಾಗಿ ಬಿದ್ದರೆ ಕುರ್ಚಿ ತಾನಾಗಿ ಬಂದು ನಿಲ್ಲುತ್ತದಂತೆ. ಅವರು ಇಷ್ಟು ವಿವರಿಸುವ ಹೊತ್ತಿಗೆ, ನನ್ನ ಜೊತೆ ಕಲಿಯುತ್ತಿದ್ದ ಕಾರ್ಖಾನೆಯ ಫಿಟ್ಟರು ಹಲಗೆ ಎತ್ತಿಕೊಂಡು ಎದ್ದಾಗಿತ್ತು.

"ಎಲ್ಲಿಗ್ರೀ ಹೊರಟ್ರಿ?"

"ಜಗಲಿಗೆ ಸಾರ್. ಅಲ್ಲಿ ಕುರ್ಚಿ ಇಲ್ಲ."

ಲೋಟ

ಮನೆಯಲ್ಲಿ ಅಭ್ಯಾಸಕ್ಕೆ ಲೋಟ ಇಟ್ಟುಕೊಂಡೆ. ಸುತ್ತಲೂ ಪೆನ್ಸಿಲಿನಿಂದ ಕಪ್ಪು ಮಾಡಿ, ಲೋಟದಷ್ಟು ಬಿಳಿ ಬಿಟ್ಟೆ. ಹೆಂಡತಿ ಬಗ್ಗಿ ನೋಡಿದಳು.

"ಲೋಟ ಎಲ್ರೀ?"

"ಅದನ್ನ ಬರೆದಿಲ್ಲ. ಅದರ ಸುತ್ತ ಬರೆದಿದೀನಿ."

ಅವಳು ಲೋಟ ತೆಗೆದುಕೊಂಡು ಅಡುಗೆಮನೆಗೆ ಹೋದಳು. ಒಳಗಿಂದ ದನಿ ಬಂತು:

"ಕಾಫಿನೂ ಸುತ್ತಲೇ ಹುಯ್ಲಾ?"

ವ್ಯಾಘ್ರಮುಖ

ಒಂದು ಭಾನುವಾರ ಎರಡು ಮನೆಗಳ ನಡುವಿನ ಖಾಲಿ ಜಾಗದ ಎದುರು ಕೂತು, ಪೆನ್ಸಿಲು ಚಾಚಿ, ಒಂದು ಕಣ್ಣು ಮುಚ್ಚಿ ಅಳೆಯುತ್ತಿದ್ದೆ. ರುಮಾಲು ಸುತ್ತಿದ ಹಿರಿಯರೊಬ್ಬರು ಬಂದು ಪಕ್ಕದಲ್ಲಿ ನಿಂತರು.

"ಜಾಗ ನೋಡ್ತಿದೀರಾ ಸ್ವಾಮಿ?"

"ಹೌದು."

"ಹೇಗಿದೆ ಅಳತೆ?"

"ಮುಂದೆ ಅಗಲ. ಹೋಗ್ತಾ ಹೋಗ್ತಾ ಸಣ್ಣಗಾಗುತ್ತೆ."

"ಶಿವ ಶಿವಾ, ವ್ಯಾಘ್ರಮುಖ! ಅಂಥ ಸೈಟಲ್ಲಿ ಮನೆ ಕಟ್ಟಿದೋರು ಉದ್ಧಾರ ಆಗಿಲ್ಲ. ಬಿಟ್ಬಿಡಿ."

"ನಾನು ಕಟ್ಟೋದಿಲ್ಲ. ಬರೀತೀನಿ ಅಷ್ಟೆ."

ಅವರ ಮುಖ ಕಪ್ಪಿಟ್ಟಿತು.

"ಯಾರ ಹೆಸರಿಗೆ ಬರೀತೀರಿ? ಪಾಪ, ಅವರ ಮೇಲೆ ನಿಮಗೇನು ದ್ವೇಷ?"

ಪರೀಕ್ಷೆ

ಪರೀಕ್ಷೆಯ ದಿನ ಮೇಜಿನ ಮೇಲೆ ಬಿಚ್ಚಿದ ಕೊಡೆಯೊಂದನ್ನು ಒರಗಿಸಿಟ್ಟಿದ್ದರು. ಎಲ್ಲರೂ ಕೊಡೆಯ ತುದಿಯಿಂದ ಶುರುಮಾಡಿದರು. ನಾನು ಕೊಡೆಯ ಅಂಚಿನ ಕೆಳಗಿನ ತ್ರಿಕೋನ, ಹಿಡಿಯ ಕೊಕ್ಕೆಯೊಳಗಿನ ಬಯಲು, ಹಿಂದಿನ ಗೋಡೆ, ಇಷ್ಟನ್ನೇ ಗುರುತು ಮಾಡಿಕೊಂಡೆ. ಅಷ್ಟರಲ್ಲಿ ಮಳೆ ಹಿಡಿಯಿತು. ಜವಾನ ಒಳಗೆ ಬಂದು ಕೊಡೆಯನ್ನು ಮಡಚಿದ.

"ಸಾಹೇಬ್ರು ಊಟಕ್ಕೆ ಹೊರಟವ್ರೆ. ಕೊಡೆ ಅವರದೇ."

ಕೊಡೆ ಹೋಯಿತು. ಕೋಣೆಯಲ್ಲಿ ಗಲಾಟೆ ಎದ್ದಿತು. ನನ್ನ ಕೆಲಸವೂ ಅದರ ಜೊತೆಗೇ ಹೋಯಿತು ಎಂದುಕೊಂಡು ಹಾಳೆ ನೋಡಿದರೆ, ಸಂದುಗಳೆಲ್ಲ ಅವುಗಳ ಜಾಗದಲ್ಲೇ ಇದ್ದವು. ಅವುಗಳನ್ನು ಕಪ್ಪು ಮಾಡುತ್ತಾ ಹೋದೆ. ನಡುವೆ ಬಿಳಿಯ ಕೊಡೆ ನಿಂತಿತು. ಆ ಹಾಳೆಯೇ ನನ್ನನ್ನು ಪಾಸು ಮಾಡಿಸಿ, ಕೆಲಸ ಕಾಯಂ ಮಾಡಿಸಿತು.

ಆದರೆ ಹಾಳೆ ಒಪ್ಪಿಸುವಾಗ ಮೇಲ್ವಿಚಾರಕರು ತಡೆದಿದ್ದರು.

"ಕೊಡೆ ಹೋದ ಮೇಲೆ ಹೇಗ್ರೀ ಮುಗಿಸಿದಿರಿ?"

"ಕೊಡೆ ಇಲ್ಲದ ಕಡೆ ಮಾತ್ರ ಬರೆದೆ ಸಾರ್."

ಅವರು ಖಾಲಿ ಮೇಜನ್ನು ನೋಡಿದರು. ಹಾಳೆಯ ನಡುವಿನ ಬಿಳಿಯ ಮೇಲೆ ಬೆರಳಿಟ್ಟರು.

"ಕೊಡೆ ಹೋಗಿ ಎಷ್ಟು ಹೊತ್ತಾಯ್ತು! ಮತ್ತೆ ಇಷ್ಟು ಜಾಗ ಯಾಕ್ರೀ ಖಾಲಿ ಬಿಟ್ಟಿದೀರಿ?"