ಎಪ್ಪತ್ತೇಳನೇ ಹೆಜ್ಜೆಯ ಪೆಟ್ಟಿಗೆ

"ಈ ಭೂಮಂಡಲದಲ್ಲಿ ಜಲಾಲ್‌ನ ಕಣ್ಣು ತಪ್ಪಿಸುವ ಪೆಟ್ಟಿಗೆ ಇನ್ನೂ ತಯಾರಾಗಿಲ್ಲ!" ಎಂದು ಶನಿವಾರ ಬೆಳಿಗ್ಗೆ ತಿಂಡಿಯ ಮೇಜು ಕುಟ್ಟಿ ಘೋಷಿಸಿದೆ. ಜಲಾಲ್ ಅಂದರೆ ನಾನೇ.

"ನಿನ್ನೆ ನಿಮ್ಮ ಓದೂ ಚಾಳೀಸು ಎಲ್ಲಿ ಸಿಕ್ತರೀ?" ಎಂದಳು ಹೆಂಡತಿ ಜಹೀದಾ. ಅವಳು ಹುಬ್ಬಳ್ಳಿಯವಳು.

"ತಲೆ ಮೇಲೆ. ಆದ್ರೆ ಅದು ಪೆಟ್ಟಿಗೆ ಅಲ್ವಲ್ಲ!"

ಜಿಯೋಕ್ಯಾಶಿಂಗ್ ಎಂದು ಒಂದು ಆಟ. ಯಾರೋ ಪುಟ್ಟ ಡಬ್ಬಿಯೊಂದನ್ನು ಬಚ್ಚಿಟ್ಟು ಫೋನಿನಲ್ಲಿ ಸುಳಿವು ಕೊಡುತ್ತಾರೆ. ಹುಡುಕಿದವರು ಒಳಗಿನ ಪುಸ್ತಕದಲ್ಲಿ ಹೆಸರು ಬರೆದು, ಡಬ್ಬಿಯನ್ನು ಇದ್ದಲ್ಲೇ ಇಟ್ಟು ಬರಬೇಕು. ನನಗೆ ಇದರ ಗಂಧಗಾಳಿಯೂ ಇರಲಿಲ್ಲ. ಆದರೆ ಹನ್ನೆರಡರ ಮಗಳು ರಮ್ಶಾ ತನ್ನ ಕೋಣೆಯ ಬಾಗಿಲು ತೆರೆದು, "ಅಬ್ಬಾ, ವಿಲ್ ಯು ಕಮ್ ವಿತ್ ಮಿ?" ಎಂದಿದ್ದಳು. ಅವಳು ನನ್ನನ್ನು ಎಲ್ಲಿಗಾದರೂ ಕರೆದು ಎಂಟು ತಿಂಗಳಾಗಿತ್ತು! ಇವತ್ತು ಎಡವಿದರೆ ಆ ಬಾಗಿಲು ನನಗಾಗಿ ಮತ್ತೆ ತೆರೆಯುವುದಿಲ್ಲ ಎಂದು ಒಳಗೊಳಗೇ ಹೆದರಿದ್ದೆ.

"ಹಿತ್ತಲದ ಕಸಾ ಯಾವಾಗ ಕೀಳ್ತೀರಿ?" ಜಹೀದಾ ಕಾರು ಹತ್ತುತ್ತಾ ಕೇಳಿದಳು.

"ಬೆನ್ನುನೋವು ಕಣೇ!"

ನನ್ನ ಬೆನ್ನುನೋವಿಗೆ ಎರಡು ವರ್ಷ. ನಮ್ಮ ಹಿತ್ತಲಿನ ಕಳೆಗೂ ಸರಿಯಾಗಿ ಅಷ್ಟೇ ವಯಸ್ಸು.

ಈ ಪರದೇಶದಲ್ಲಿ ನಾವಿರುವ ಸ್ಯಾನ್ ರಮೋನ್‌ನಿಂದ ಮುಕ್ಕಾಲು ಗಂಟೆಯ ದಾರಿ. ಒಣಹುಲ್ಲಿನ ಗುಡ್ಡದ ಮೇಲೆ ನೂರೈವತ್ತು ವರ್ಷದ ಹಳೆಯ ಸ್ಮಶಾನ, ಮುರಿದ ಬೇಲಿ, ನಾಲ್ಕಾರು ಓಕ್ ಮರ. ಜಹೀದಾ ಗೇಟಿನಲ್ಲೇ ತಲೆಗೆ ದುಪಟ್ಟಾ ಎಳೆದುಕೊಂಡು ಗೋರಿಗಳಿಗೆಲ್ಲ ಸಲಾಮು ಹೇಳಿದಳು.

"ಇವರೆಲ್ಲ ಬೇರೆ ಜನ ಕಣೇ," ಎಂದೆ.

"ಸಲಾಮ್ ಹೇಳಾಕ ಪಾಸ್‌ಪೋರ್ಟ್ ನೋಡಬೇಕೇನ್ರೀ?"

ಮೊದಲ ಎರಡು ಸುಳಿವುಗಳನ್ನು ರಮ್ಶಾ ಬಿಡಿಸಿದಳು. ನಾನು ದಾರಿ ತೋರಿಸುವವನ ಗತ್ತಿನಲ್ಲಿ ಅವಳ ಹಿಂದೆ ನಡೆದೆ. ಕೊನೆಯ ಸುಳಿವು ಮೊಣಕಾಲೆತ್ತರದ ಒಂದು ಕಲ್ಲಿನ ಮುಂದೆ ತಂದು ನಿಲ್ಲಿಸಿತು: 'ಈ ಮಗು ಬದುಕಿದ್ದು ಎಷ್ಟು ದಿನವೋ, ಗೇಟಿನಿಂದ ಬೇಲಿಗುಂಟ ಅಷ್ಟು ಹೆಜ್ಜೆ.' ಕಲ್ಲೆಲ್ಲ ಸವೆದಿತ್ತು. ಹೆಸರು ಕಾಣುತ್ತಿರಲಿಲ್ಲ. ದಿನಗಳ ಲೆಕ್ಕದಲ್ಲಿ ಕೊನೆಯ ಏಳು ಮಾತ್ರ ಸ್ಪಷ್ಟ, ಅದರ ಹಿಂದಿನ ಅಂಕಿ ಒಣ ಪಾಚಿಯಡಿ ಮಸುಕು.

"ಎಪ್ಪತ್ತೇಳು!" ತೀರ್ಪು ಕೊಟ್ಟೆ.

"ಸ್ವಲ್ಪ ಕುಂತು ನೋಡ್ರಿ," ಎಂದಳು ಜಹೀದಾ.

"ನೋಡೋದೇನು? ನಡಿ ರಮ್ಶಾ!"

ಎಪ್ಪತ್ತೇಳನೇ ಹೆಜ್ಜೆಗೆ ಒಂದು ಶೆಡ್ಡು, ಅದರ ಗೋಡೆಗೆ ಒಂದು ಮರದ ಪೆಟ್ಟಿಗೆ, ಒಳಗೆ ಪೆನ್ನು ಕಟ್ಟಿದ ಪುಸ್ತಕ! "ಅಬ್ಬಾ, ಇಟ್ಸ್ ಟೂ ಈಸಿ..." ಎಂದು ಮಗಳು ರಾಗ ಎಳೆದಳು. ನಾನು ಕೇಳಬೇಕಲ್ಲ! ಬೆಂಗಳೂರಿನ ಅಪಾರ್ಟ್‌ಮೆಂಟ್ ಗೇಟುಗಳಲ್ಲಿ ಪಳಗಿದ ಕೈ ಇದು. ರಿಜಿಸ್ಟರ್ ಕಂಡರೆ ಮೇಲೆ ಏನು ಬರೆದಿದೆ ಎಂದು ಓದುವ ಪದ್ಧತಿಯೇ ಇಲ್ಲ. ಹೆಸರು, ವಿಳಾಸ, ಫೋನ್ ನಂಬರ್, ಸಹಿ ಎಲ್ಲ ತುಂಬಿ, ಕೆಳಗೆ ಎರಡು ಗೆರೆಯನ್ನೂ ಎಳೆದೆ.

ಶೆಡ್ಡಿನೊಳಗಿಂದ ಟೋಪಿ ಹಾಕಿದ ಅಜ್ಜಿಯೊಬ್ಬರು ಹೊರಬಂದು ನನ್ನ ಕೈ ಹಿಡಿದು ಕುಲುಕಿದರು. ಅವರ ಕಣ್ಣಲ್ಲಿ ನೀರೇ ಇತ್ತು. ಎರಡು ವರ್ಷದಿಂದ ಒಬ್ಬರೂ ಹೆಸರು ಕೊಟ್ಟಿರಲಿಲ್ಲವಂತೆ. ಪ್ರತಿ ತಿಂಗಳ ಮೊದಲ ಶನಿವಾರ, ಬೆಳಿಗ್ಗೆ ಏಳಕ್ಕೆ, ಈ ಸ್ಮಶಾನದ ಕಳೆ ಕೀಳುವ ಸೇವೆಗೆ!

ರಮ್ಶಾ ನನ್ನ ಮುಖ ನೋಡಲಿಲ್ಲ. "ಇಟ್ಸ್ ಓಕೆ, ಅಬ್ಬಾ. ಮನೆಗೆ ಹೋಗೋಣ," ಎಂದಳು. ಬೈದಿದ್ದರೆ ವಾಸಿಯಿತ್ತು. ಆ ಬಾಗಿಲು ಮುಚ್ಚುವ ಸದ್ದು ನನಗೆ ಅಲ್ಲೇ ಕೇಳಿಸಿತು.

ತಲೆ ತಗ್ಗಿಸಿ ವಾಪಸು ಬಂದರೆ, ಜಹೀದಾ ಆ ಪುಟ್ಟ ಗೋರಿಯ ಮುಂದೆ ಕೂತು ನಮ್ಮ ಕುಡಿಯುವ ಬಾಟಲಿಯನ್ನು ಬಗ್ಗಿಸುತ್ತಿದ್ದಳು.

"ಕುಡಿಯೋ ನೀರು ಕಣೇ!"

"ಯಾರೂ ಬರಲಾರದ ಕೂಸು. ನಮ್ಮ ಕಡೆ ಗೋರಿಗೆ ನೀರು ಹಾಕಲಾರದ ಬರ್ತಾರೇನ್ರೀ?"

ಮೈಸೂರಿನಲ್ಲಿ ನಮ್ಮಪ್ಪನ ಗೋರಿಗೆ ನಾನು ನೀರು ಹಾಕಿ ನಾಲ್ಕು ವರ್ಷವಾಗಿತ್ತು. ನಾಚಿಕೆಯಾಯಿತು.

"ಅಮ್ಮೀ, ಲುಕ್!" ರಮ್ಶಾ ಮಂಡಿಯೂರಿದಳು. ಒದ್ದೆಯಾದ ಕಲ್ಲಿನ ಮೇಲೆ ಅಕ್ಷರಗಳು ಒಂದೊಂದಾಗಿ ಎದ್ದು ಕಾಣತೊಡಗಿದ್ದವು. ಎಪ್ಪತ್ತೇಳಲ್ಲ, ಹದಿನೇಳು. ಹದಿನೇಳೇ ದಿನ.

"ಅಷ್ಟ್ರಲ್ಲಿ ಹೆಸ್ರು ಇಟ್ಟಿದ್ರಾ?" ಮಗಳು ಮೆಲ್ಲಗೆ ಕೇಳಿದಳು.

"ನಮ್ಮಲ್ಲಿ ಏಳನೇ ದಿನಾ ಇಡ್ತಾರವ್ವಾ. ಇವರೂ ಇಟ್ಟಿರ್ತಾರ," ಎಂದು ಜಹೀದಾ ಇನ್ನಷ್ಟು ನೀರು ಹಾಕಿದಳು. ಇಟ್ಟಿದ್ದರು. ಕ್ಲಾರಾ.

ಬಿಸಿಲಿಗೆ ಕಲ್ಲು ಒಣಗುತ್ತಾ ಬಂತು, ಹೆಸರು ಮತ್ತೆ ಮಾಸಿತು.

ಗೇಟಿನಿಂದ ಹದಿನೇಳನೇ ಹೆಜ್ಜೆಗೆ, ಓಕ್ ಮರದ ಪೊಟರೆಯಲ್ಲಿ ಡಬ್ಬಿ ಸಿಕ್ಕಿತು. ರಮ್ಶಾಳೇ ತೆಗೆದಳು, ರಮ್ಶಾಳೇ ಬರೆದಳು. ನಾನು ಮೆಲ್ಲಗೆ ಶೆಡ್ಡಿನ ಕಡೆ ಹೊರಟೆ.

"ಎಲ್ಲಿಗೆ, ಅಬ್ಬಾ?"

"ಆ ಪುಸ್ತಕದಲ್ಲಿ ನನ್ನ ಹೆಸರು ಹೊಡೆದುಹಾಕಿ ಬರ್ತೀನಿ."

"ನೋ! ನಾನೂ ಬರ್ತೀನಿ, ಎವ್ರಿ ಮಂತ್. ಕ್ಲಾರಾಗೆ ನೀರು ಯಾರು ಹಾಕ್ತಾರೆ?"

ಪ್ರತಿ ತಿಂಗಳು! ನನ್ನ ಜೊತೆ! ಶೆಡ್ಡಿನ ಕಡೆ ಹೊರಟಿದ್ದ ಕಾಲು ತಾನಾಗಿ ಕಾರಿನ ಕಡೆ ತಿರುಗಿತು.

ಮುಂದಿನ ತಿಂಗಳ ಮೊದಲ ಶನಿವಾರ ಆರು ಗಂಟೆಗೇ ಎದ್ದು, ಕೈಗವಸು ತೊಟ್ಟು, ಎರಡು ಕ್ಯಾನು ನೀರನ್ನು ಒಂದೇ ಉಸಿರಿಗೆ ಎತ್ತಿ ಕಾರಿಗೆ ಹಾಕಿದೆ. ಜಹೀದಾ ಬಾಗಿಲಲ್ಲಿ ನಿಂತು ನನ್ನ ಬೆನ್ನನ್ನೊಮ್ಮೆ, ಕಳೆ ಎದೆಮಟ್ಟ ಬೆಳೆದ ಹಿತ್ತಲನ್ನೊಮ್ಮೆ ನೋಡಿದಳು.

"ಹಿತ್ತಲದಾಗೂ ಒಂದು ಕಲ್ಲು ನಿಲ್ಲಸ್ತೀನ್ರೀ, ನಿಮ್ಮ ಹೆಸರು ಕೆತ್ತಿಸಿ," ಎಂದಳು. "ಅವಾಗರ ಕಸಾ ಕೀಳ್ತೀರೇನು ನೋಡೂಣು!"