ಹೋಳಿಗೆ ಆದ ಮೇಲೆ ಬಿಚ್ಚಿದ ಡ್ರಮ್ಮು

"ಇನ್ನ ಮ್ಯಾಲ ನನ್ನ ಗಾಡಿಗೆ ಯಾವ ಮಿಸ್ತ್ರಿ ಕೈನೂ ಹತ್ತಂಗಿಲ್ಲ! ಹಿಂದಿನ ಬ್ರೇಕು ನಾನೇ ಬಿಚ್ಚತೀನಿ, ನಾನೇ ಕಟ್ಟತೀನಿ!"

ದಸರೆಯ ಬೆಳಿಗ್ಗೆ ಮುಂಬಯಿ ಬಳಿಯ ಕಲ್ಯಾಣದ ಚಾಳಿನ ಮುಂದೆ ಜಟ್ಟೆಪ್ಪ ಘೋಷಿಸಿದ. ಎದುರಿಗಿದ್ದವಳು ಹೆಂಡತಿ ಚಂದ್ರಬಾಯಿ ಒಬ್ಬಳೇ. ದನಿ ಮಾತ್ರ ಇಡೀ ಚಾಳಿಗೆ ಸಾಕಾಗುವಷ್ಟಿತ್ತು. ರಿಪೇರಿಯ ಮಿಸ್ತ್ರಿಗಳಿಗೆ ಎಷ್ಟು ದುಡ್ಡು ಸುರಿದರೂ ವರ್ಷಗಳಿಂದ ಅವನ ಬ್ರೇಕು ಸಡಿಲವೇ.

ಆಯುಧಗಳ ಖಂಡೆ ಪೂಜೆಗೆಂದು ಹಿಂದಿನ ದಿನವೇ ಹಳೆಯ ಲಾರಿಗೆ ಮದುಮಗನಂತೆ ಸ್ನಾನ ಮಾಡಿಸಿ, ಹ್ಯಾಂಡ್‌ಬ್ರೇಕ್ ಜಗ್ಗಿ ನಿಲ್ಲಿಸಿದ್ದ. ರಾತ್ರಿಯಿಡೀ ಹಸಿಯಲ್ಲೇ ನಿಂತ ಹಿಂದಿನ ಗಾಲಿಯ ಬ್ರೇಕ್ ಡ್ರಮ್ಮು ತುಕ್ಕು ಹಿಡಿದು, ಒಳಗಿನ ಬ್ರೇಕ್ ಪಟ್ಟಿಗಳನ್ನು ಅಪ್ಪಿಕೊಂಡುಬಿಟ್ಟಿತ್ತು. ಲಾರಿ ಅಲುಗಲೊಲ್ಲದು! ವಾಶಿ ಮಾರ್ಕೆಟ್ಟಿನ ದಯಾನಂದ ಸೇಠರೋ, "ಹಬ್ಬದ ಟೊಮೆಟೊ ಲೋಡು ನಿನಗೆ. ದೀಪ ಹಚ್ಚುವ ಮೊದಲು ಬರದಿದ್ದರೆ ಬೇರೆ ಗಾಡಿ" ಎಂದಿದ್ದರು. ಇದೊಂದು ಸಾಗಿಸಿದರೆ ವರ್ಷವಿಡೀ ಅವರ ಕೆಲಸ ಅವನದೇ.

ಜಟ್ಟೆಪ್ಪ ತೋಳೇರಿಸಿ ಒಳಗೆ ನುಗ್ಗಿದ. ಜಾಕು, ಪಾನಾ, ಸುತ್ತಿಗೆ ಎಲ್ಲವೂ ದೇವರ ಮುಂದೆ ಕುಂಕುಮ ಹಚ್ಚಿಕೊಂಡು ಕುಳಿತಿದ್ದವು. ಕೂರಿಸಿದವನೂ ಅವನೇ!

"ಮುಟ್ಟಿ ನೋಡ್ರಿ!" ಚಂದ್ರಬಾಯಿ ಗುಡುಗಿದಳು. "ಹೋಳಿಗಿ ಎಡಿ ಆಗೂತನಕ ಪೂಜಿ ಕದಲಸಂಗಿಲ್ಲ."

"ಹೋಳಿಗಿ ಎಲ್ಲಿ?"

"ಬ್ಯಾಳಿ ಈಗ ಕುದ್ದೈತಿ. ಕರೆಂಟ್ ಬ್ಯಾರೆ ಹೋಗೇತಿ. ಅವಸರ ಇದ್ರ ಒರಳಾಗ ಹೂರಣ ರುಬ್ಬ್ರಿ!"

ಡ್ರಮ್ಮು ಬಿಚ್ಚಲು ಹೊರಟ ವೀರ ಒರಳಿನ ಮುಂದೆ ಕುಳಿತ! ಬ್ರೇಕು ಬಿಡಿಸುವ ಮೊದಲ ಹೆಜ್ಜೆ ಹೂರಣ ರುಬ್ಬುವುದೆಂದು ಯಾವ ಮಿಸ್ತ್ರಿಯೂ ಅವನಿಗೆ ಹೇಳಿರಲಿಲ್ಲ.

ದೇವರಿಗೆ ಹೋಳಿಗೆಯ ಎಡೆಯಾದದ್ದೇ ತಡ, ಗಾಲಿಗಳಿಗೆ ಕಲ್ಲು ಕೊಟ್ಟು, ಹ್ಯಾಂಡ್‌ಬ್ರೇಕ್ ಬಿಟ್ಟು, ಜಾಕು ಏರಿಸಿ, ಕೆಳಗೆ ದಿಮ್ಮಿ ಇಟ್ಟು, ಗಾಲಿ ಬಿಚ್ಚಿದ. ಡ್ರಮ್ಮಿಗೆ ಬಿತ್ತು ಸುತ್ತಿಗೆ ಏಟು! ಡ್ರಮ್ಮು ಸುಮ್ಮನಿತ್ತು, ಚಾಳಿನ ಕಿಟಕಿಗಳೆಲ್ಲ ತೆರೆದುಕೊಂಡವು.

"ಒಂದ ಕಡೆ ಬಡದ್ರ ಒಡದೀತ್ರಿ! ರೊಟ್ಟಿ ಬಡದಂಗ ಸುತ್ತಲೂ ಸಮ ಬಡೀರಿ."

"ಏ ಚಂದ್ರಿ, ಇದು ರೊಟ್ಟಿ ಅಲ್ಲ, ಡ್ರಮ್ಮು!"

"ರೊಟ್ಟಿ ಆಗಿದ್ರ ಇಷ್ಟೊತ್ತಿಗೆ ನಾನೇ ಎಬ್ಬಸ್ತಿದ್ದೆ!"

ಜಟ್ಟೆಪ್ಪ ಹಿಂಬದಿಯ ಅಡ್ಜಸ್ಟರ್ ತಿರುಗಿಸಿ ಪಟ್ಟಿಗಳನ್ನು ಒಳಕ್ಕೆ ಸರಿಸಿದ. ಕಟ್ಟಿಗೆ ತುಂಡು ಅಡ್ಡವಿಟ್ಟು, ಸುತ್ತಲೂ ಹದವಾಗಿ ರೊಟ್ಟಿ ಬಡಿದ. ಟಣ್! ಡ್ರಮ್ಮು ಹೊರಗೆ! ಕಿಟಕಿಗಳಲ್ಲಿ ಚಪ್ಪಾಳೆ! ತುಕ್ಕು ಉಜ್ಜಿ, ಒದ್ದೆ ಬಟ್ಟೆಯಲ್ಲಿ ಧೂಳು ಒರೆಸಿ, ಪಟ್ಟಿಗೆ ಗ್ರೀಸ್ ತಾಗದಂತೆ ಜೋಡಿಸಿ, ಅಡ್ಜಸ್ಟರ್ ಬಿಗಿ ಮಾಡಿ, ಇನ್ನೊಂದು ಬದಿಗೂ ಅದೇ ಸೇವೆ ಸಲ್ಲಿಸಿದ.

ದಾರಿಯುದ್ದಕ್ಕೂ ಬ್ರೇಕನ್ನು ಮೆಲ್ಲಗೆ ಪರೀಕ್ಷಿಸುತ್ತ, ಹೊತ್ತು ಮುಳುಗುವ ಮುಂಚೆಯೇ ವಾಶಿ ಮಾರ್ಕೆಟ್ಟಿಗೆ ಬಂದ. ಪಕ್ಕದಲ್ಲಿ ಸೇಠರಿಗೆಂದು ಹೋಳಿಗೆ ಡಬ್ಬಿ ಹಿಡಿದ ಚಂದ್ರಬಾಯಿ. ಗೇಟಿನಲ್ಲಿ ಸಾಕ್ಷಾತ್ ಸೇಠರು!

"ನೋಡೀಗ ನನ್ನ ಬ್ರೇಕು!" ಎಂದವನೇ ಜಟ್ಟೆಪ್ಪ, ಇಷ್ಟು ವರ್ಷದ ಸಡಿಲ ಬ್ರೇಕಿನ ರೂಢಿಯಂತೆ, ಅರ್ಧ ಎದ್ದು ನಿಂತು ಪೆಡಲ್ ತುಳಿದ.

ಲಾರಿ ನಿಂತಿತು. ಹೋಳಿಗೆಗಳು ನಿಲ್ಲಲಿಲ್ಲ. ಡಬ್ಬಿಯ ಮುಚ್ಚಳ ಕಿತ್ತುಕೊಂಡು ಹಾರಿ ಹೋಗಿ ಮುಂದಿನ ಗಾಜಿಗೆ ಸಾಲಾಗಿ ಅಂಟಿಕೊಂಡವು!

"ಗಾಡಿ ನಿಂತ್ತು, ಖರೆ," ಹಣೆ ಉಜ್ಜುತ್ತ ಎಂದಳು ಚಂದ್ರಬಾಯಿ. "ನನಗೂ ಒಂದ್ ಬ್ರೇಕ್ ಹಚ್ಚಬೇಕಿತ್ತ್ರಿ!"

ಸೇಠರು ಗಾಜನ್ನೇ ದಿಟ್ಟಿಸಿದರು. "ಭಾರೀ ಬ್ರೇಕ್ ಮಾರಾಯಾ! ಇನ್ನು ಮೇಲೆ ನನ್ನ ಮಾಲೆಲ್ಲ ನಿನ್ನ ಗಾಡಿಗೇ."

ಜಟ್ಟೆಪ್ಪನ ಎದೆ ಉಬ್ಬಿತು.

"ಆದ್ರೆ ಟೊಮೆಟೊ ಬೇಡ. ನೀರುಳ್ಳಿ ಹೇರುವ."