ದೋಣಿಗೆ ಹೆದರುವವನೂ ಹಾರಲು ಹೆದರುವವನೂ

ಹೆದರಿಕೆಗಳಲ್ಲಿ ಮರ್ಯಾದಸ್ಥ ಹೆದರಿಕೆಗಳು, ಮಾನ ಕಳೆಯುವ ಹೆದರಿಕೆಗಳು ಎಂದು ಎರಡು ಬಗೆ. ಹುಲಿಗೆ ಹೆದರುವುದು, ಹಾವಿಗೆ ಹೆದರುವುದು, ಬ್ಯಾಂಕಿನವರಾದರೆ ಇನ್‌ಸ್ಪೆಕ್ಷನ್ನಿಗೆ ಹೆದರುವುದು, ಇವೆಲ್ಲ ನಾಲ್ಕು ಜನರ ಮುಂದೆ ಧೈರ್ಯವಾಗಿ ಹೇಳಿಕೊಳ್ಳಬಹುದಾದ ಹೆದರಿಕೆಗಳು. ನನ್ನದು ಎರಡನೆಯ ಜಾತಿಯದು. ನನಗೆ ದೋಣಿ ಎಂದರೆ ಆಗುವುದಿಲ್ಲ. ಸಣ್ಣವನಿರುವಾಗ ನೀರಿಗೆ ಬಿದ್ದಿದ್ದೆಯಾ ಎಂದು ಕೇಳುತ್ತಾರೆ. ಇಲ್ಲ. ಯಾರಾದರೂ ಮುಳುಗಿದ್ದನ್ನು ಕಂಡಿದ್ದೆಯಾ? ಅದೂ ಇಲ್ಲ. ಒಂದು ಗಟ್ಟಿ ಕಾರಣವಾದರೂ ಇದ್ದಿದ್ದರೆ ಹೆದರಿಕೆಗೆ ಸ್ವಲ್ಪ ಘನತೆ ಬರುತ್ತಿತ್ತು. ನಾನು ಕಾರ್ಕಳದ ಕಡೆಯವನು, ಬಜಗೋಳಿಯ ಹತ್ತಿರ ಹುಟ್ಟಿ ಬೆಳೆದವನು. ನಮ್ಮಲ್ಲಿ ಎತ್ತ ನೋಡಿದರೂ ಬಂಡೆ. ಬಂಡೆ ಅಲುಗುವುದಿಲ್ಲ, ಅದು ಬಂಡೆಯ ದೊಡ್ಡ ಗುಣ. ಕಾಲಡಿಯ ವಸ್ತು ಅಲುಗಬಾರದು ಎಂಬ ನನ್ನ ಅಭಿಪ್ರಾಯ ಅಲ್ಲಿಯೇ ಗಟ್ಟಿಯಾಗಿರಬೇಕು.

ಇಂಥವನಿಗೆ ದೇವರು ಹೆಣ್ಣು ಇಟ್ಟಿದ್ದು ಕೆಮ್ಮಣ್ಣಿನ ಒಂದು ಕುದುರಿನಲ್ಲಿ. ಕುದುರು ಎಂದರೆ ಸಮುದ್ರ ಸೇರುವ ಹೊಳೆಯ ನಡುವಿನ ದ್ವೀಪ, ಸುತ್ತಲೂ ನೀರು, ನಡುವೆ ತೆಂಗಿನ ತೋಟ, ತೋಟದೊಳಗೆ ಮನೆಗಳು. ಆಗ ನಾನು ಮಣಿಪಾಲದಲ್ಲಿ ಬ್ಯಾಂಕ್ ಗುಮಾಸ್ತ. ಎಪ್ಪತ್ತರ ದಶಕ ಮುಗಿಯುತ್ತ ಬಂದ ಕಾಲ, ಬ್ಯಾಂಕಿನ ಹುಡುಗ ಎಂದರೆ ಬೆಲೆಯಿದ್ದ ಕಾಲ. ಹೆಣ್ಣು ನೋಡಿದ್ದು ಹುಡುಗಿಯ ಚಿಕ್ಕಪ್ಪನ ಮನೆಯಲ್ಲಿ, ಅಂಬಲಪಾಡಿಯಲ್ಲಿ. ಅದು ಬಸ್ಸು ಹೋಗುವ, ನೆಲವೆಲ್ಲ ನೆಲವಾಗಿಯೇ ಇರುವ ಊರು. ಸುಮತಿ ಕಾಫಿ ತಂದಳು, ಲೋಟವನ್ನು ಮೇಜಿನ ಮೇಲಿಟ್ಟು ನನ್ನ ಮುಖವನ್ನು ನೇರವಾಗಿ ನೋಡಿದಳು. ಹಾಗೆ ನೋಡುವ ಹುಡುಗಿಯರು ಆಗ ಕಡಿಮೆ. ನಾನು ಅಲ್ಲೇ ಒಪ್ಪಿಬಿಟ್ಟೆ. ನಿಶ್ಚಿತಾರ್ಥವೂ ಚಿಕ್ಕಪ್ಪನ ಮನೆಯಲ್ಲೇ ಆಯಿತು. ಹುಡುಗಿಯ ಮನೆ ಎಲ್ಲಿ ಎಂದು ವಿಚಾರಿಸಬೇಕೆಂದು ಹೊಳೆದದ್ದು ಉಂಗುರ ತೊಡಿಸಿದ ಮೇಲೆ.

ಮದುವೆಗೆ ಮೊದಲು ವರ ಒಮ್ಮೆಯಾದರೂ ಹೆಣ್ಣಿನ ಮನೆಗೆ ಹೋಗಿ ಊಟ ಮಾಡಿ ಬರಬೇಕು, ಆಮೇಲೆಯೇ ಆಮಂತ್ರಣ ಪತ್ರಿಕೆ ಅಚ್ಚಿಗೆ ಹೋಗುವುದು ಎಂಬುದು ಅವರ ಮನೆಯ ಕ್ರಮ. ಕರೆ ಬಂತು. ಬ್ಯಾಂಕಿನಲ್ಲಿ ಆಡಿಟ್ ಎಂದೆ. ಮತ್ತೆ ಕರೆ ಬಂತು. ಜ್ವರ ಎಂದೆ. ಇನ್ನೊಮ್ಮೆ ಮಾತ್ರ ಏನೋ ಹುಮ್ಮಸ್ಸಿನಲ್ಲಿ ಒಂದು ಕಿಲೋ ಜಿಲೇಬಿ ಕಟ್ಟಿಸಿಕೊಂಡು ಬಿಳಿ ಪ್ಯಾಂಟು ಹಾಕಿಕೊಂಡು, ದೋಣಿ ಹತ್ತುವ ಕಡವಿನ ತನಕ ಹೋಗಿದ್ದೆ. ಅಲ್ಲಿ ದೋಣಿಯೊಂದು ಯಾರೂ ಮುಟ್ಟದೆ ತನ್ನಷ್ಟಕ್ಕೇ ಅಲುಗುತ್ತಿತ್ತು. ಮರದ ಬುಡದಲ್ಲಿ ಕುಳಿತು ಅದನ್ನು ನೋಡಿದೆ, ಜಿಲೇಬಿಯಲ್ಲಿ ಸ್ವಲ್ಪ ತಿಂದೆ, ಎದ್ದು ಬಂದ ದಾರಿಯಲ್ಲೇ ಹಿಂದಿರುಗಿದೆ. ಉಳಿದ ಜಿಲೇಬಿಯನ್ನು ಬ್ಯಾಂಕಿನವರು ತಿಂದು, ಏನು ವಿಶೇಷ ಎಂದು ಕೇಳಿದರು.

ಕೊನೆಗೆ ಅಂಬಲಪಾಡಿಯ ಚಿಕ್ಕಪ್ಪ ನನ್ನ ಕೌಂಟರಿಗೇ ಬಂದು ನಿಂತರು. ಅಣ್ಣನಿಗೆ ತುಂಬಾ ಬೇಸರವಾಗಿದೆ ಎಂದರು. ಬ್ಯಾಂಕಿನ ಹುಡುಗನಿಗೆ ಕುದುರಿನ ಮನೆಯ ಮೆಟ್ಟಿಲು ತುಳಿಯಲು ನಾಚಿಕೆಯಾದರೆ ಮಾತನ್ನು ಇಲ್ಲಿಗೇ ನಿಲ್ಲಿಸುವುದು ಇಬ್ಬರಿಗೂ ಒಳ್ಳೆಯದು ಎಂದು ಹೇಳಿ ಕಳುಹಿಸಿದ್ದಾರಂತೆ. ನನ್ನ ಕೈಯಲ್ಲಿದ್ದ ನೋಟಿನ ಕಟ್ಟಿನ ಎಣಿಕೆ ತಪ್ಪಿತು. ಹೆದರುಪುಕ್ಕಲ ಎಂದು ತಿಳಿದಿದ್ದರೆ ಒಂದು ನಗೆಯಲ್ಲಿ ಮುಗಿಯುತ್ತಿತ್ತು, ಅವರು ನನ್ನನ್ನು ಅಹಂಕಾರಿ ಎಂದು ತಿಳಿದುಕೊಂಡಿದ್ದರು. ಸುಮತಿಯ ಆ ನೇರ ನೋಟ ಕೈತಪ್ಪಿ ಹೋಗುವುದರಲ್ಲಿತ್ತು. ಆ ಗಾಬರಿಯಲ್ಲಿ ನನ್ನ ಬಾಯಿಂದ ಬಂದ ಮಾತು ಇದು: ಬರುವ ಶನಿವಾರ ನೀವೆಲ್ಲ ಉಡುಪಿಗೆ ಬನ್ನಿ, ಒಂದು ಇಂಗ್ಲಿಷ್ ಸಿನಿಮಾ ತೋರಿಸುತ್ತೇನೆ. ಊಟಕ್ಕೆ ಕರೆದವರನ್ನು ಸಿನಿಮಾಕ್ಕೆ ಕರೆದ ಅಳಿಯ ಕರಾವಳಿಯ ಇತಿಹಾಸದಲ್ಲಿ ಬಹುಶಃ ನಾನೊಬ್ಬನೇ.

ಆದರೂ ಬಂದರು. ಶನಿವಾರ ಬ್ಯಾಂಕು ಅರ್ಧ ದಿನ. ಮ್ಯಾಟಿನಿಗೆ ಸರಿಯಾಗಿ ಥಿಯೇಟರಿನ ಮುಂದೆ ಮೂವರು ನಿಂತಿದ್ದರು: ಬಿಳಿ ಪಂಚೆಯ ಮಾವ, ಅವರ ತಾಯಿಯಾದ ಅಜ್ಜಿ, ಹಿಂದೆ ಸುಮತಿ. ಪೋಸ್ಟರಿನಲ್ಲಿ ಒಬ್ಬ ದಾಂಡಿಗ ಮುಷ್ಟಿ ಮುಂದೆ ಚಾಚಿ ಮೋಡದ ನಡುವೆ ಹಾರುತ್ತಿದ್ದ. ಆ ಮುಷ್ಟಿ ನೋಡಿ ನನಗೆ ಧೈರ್ಯ ಬಂತು. ಇಂಥ ಸಿನಿಮಾ ತೋರಿಸಿದವನ ವಿಷಯದಲ್ಲಿ ಇವರಿಗೆ ತಾನಾಗಿ ಗೌರವ ಹುಟ್ಟೀತು ಎಂದುಕೊಂಡೆ. ಆ ಕಾಲದ ಥಿಯೇಟರಿನ ಒಳಗೆ ಕಾಲಿಟ್ಟರೆ ಬರುತ್ತಿದ್ದ ವಾಸನೆ ಈಗಲೂ ನನಗೆ ನೆನಪಿದೆ, ನೆಲಗಡಲೆ, ಬೀಡಿ, ಹಳೆಯ ಕುಶನ್ನು ಎಲ್ಲ ಸೇರಿದ ಒಂದು ಬೆಚ್ಚಗಿನ ವಾಸನೆ. ಈಗ ಎಷ್ಟು ದುಡ್ಡು ಕೊಟ್ಟರೂ ಅದು ಸಿಗುವುದಿಲ್ಲ. ಕೂರುವ ಕ್ರಮವನ್ನು ಮಾವನೇ ನಿರ್ಧರಿಸಿದರು. ಮೊದಲು ನಾನು, ಪಕ್ಕದಲ್ಲಿ ಅವರು, ಆಮೇಲೆ ಅಜ್ಜಿ, ಆಚೆ ತುದಿಯಲ್ಲಿ ಸುಮತಿ. ನನಗೆ ಕಾಣುತ್ತಿದ್ದದ್ದು ಅವಳ ಮಲ್ಲಿಗೆಯ ದಂಡೆಯ ಒಂದು ಅಂಚು ಮಾತ್ರ.

ಸಿನಿಮಾ ಶುರುವಾಯಿತು. ದಾಂಡಿಗ ಎಲ್ಲಿಯೂ ಕಾಣಲಿಲ್ಲ. ಕಂಡವನು ಒಬ್ಬ ನರಪೇತಲ, ಲಾಂಡ್ರಿಯ ಬಟ್ಟೆ ಮನೆಮನೆಗೆ ಮುಟ್ಟಿಸುವವನು. ಆಕಾಶದಿಂದ ಅದೇನೋ ಬೆಳಕು ಇವನ ಮೇಲೆ ಬಿತ್ತು. ಮರುದಿನ ಬೆಳಿಗ್ಗೆ ಹಲ್ಲುಜ್ಜುವಾಗ ಕೆಮ್ಮಿದ, ಕಾಲು ನೆಲ ಬಿಟ್ಟಿತು. ಇನ್ನು ಶುರು ಎಂದು ನಾನು ಮಾವನ ಕಡೆಗೆ ವಾಲಿ ಹೇಳಿದೆ. ಶುರುವಾದದ್ದು ಬೇರೆ. ಅವನಿಗೆ ಎತ್ತರ ಎಂದರೆ ಹೆದರಿಕೆ. ಹಾರಿಹೋದೇನು ಎಂದು ಕಿಸೆಯಲ್ಲಿ ಇಟ್ಟಿಗೆ ತುಂಬಿಕೊಂಡು ಓಡಾಡಿದ. ಹಾರಲೇಬೇಕಾದರೆ ಬಟ್ಟೆ ಒಣಹಾಕುವ ಹಗ್ಗದಷ್ಟು ಎತ್ತರದಲ್ಲಿ ಹಾರಿ, ಅದೇ ಹಗ್ಗಕ್ಕೆ ಸಿಕ್ಕಿಬಿದ್ದು, ಊರವರ ಚಾದರ ಸುತ್ತಿಕೊಂಡು ಕೆಳಗೆ ಬಿದ್ದ. ಪೇಟೆಯಲ್ಲಿ ಬೆಂಕಿ ಹತ್ತಿ ಜನ ಇವನ ಹೆಸರು ಹಿಡಿದು ಕೂಗಿದಾಗ ಮನೆಗೆ ಓಡಿ ಮಂಚದ ಅಡಿಯಲ್ಲಿ ಅಡಗಿ ಕುಳಿತ.

ನನಗೆ ಮೈಯೆಲ್ಲ ಉರಿಯಿತು. ನನ್ನ ಮಾನ ಉಳಿಸಲು ಕರೆಸಿದ ಹೀರೋ ಮಂಚದ ಅಡಿಯಲ್ಲಿದ್ದಾನೆ. ಇವನಿಗೆ ನಾಚಿಕೆಯಾಗಬೇಕು ಎಂದು ನಾನು ಗಟ್ಟಿಯಾಗಿಯೇ ಹೇಳಿದೆ. ಆಚೆಯಿಂದ ಅಜ್ಜಿ ಲೊಚಗುಟ್ಟುವುದು ಕೇಳಿತು. ಅವರು ಬೈಯುತ್ತಿದ್ದದ್ದು ಅವನನ್ನಲ್ಲ, ನನ್ನನ್ನು. ಹೆದರಿದ ಮಗುವಿಗೆ ಹಾಗೆ ಹೇಳಬಾರದು, ಅವನಿಗೆ ಮನೆಯಲ್ಲಿ ಹೇಳಿ ಕೇಳಲು ಯಾರೂ ಇಲ್ಲವಾ ಎಂದು ಕೇಳಿದರು. ಯಾರೂ ಇಲ್ಲ, ಅವನು ಒಬ್ಬನೇ ಎಂದೆ. ಇಂಗ್ಲಿಷು ನನಗೂ ಅಷ್ಟಕ್ಕಷ್ಟೇ ಅರ್ಥವಾಗುತ್ತಿತ್ತು, ಆದರೆ ಒಪ್ಪಿಕೊಳ್ಳುವ ಹಾಗಿರಲಿಲ್ಲ. ಹೀಗೆ ನಾನು ಒಂದೊಂದು ಮಾತಿಗೂ ಅರ್ಥ ಹೇಳುತ್ತಿರಲಾಗಿ ಮಾವ ಪರದೆಯಿಂದ ಕಣ್ಣು ತೆಗೆಯದೆ, “ಅವ ಎಂತ ಹೇಳುವುದು ಅಂತ ಗೊತ್ತಾಗ್ತದೆ. ನೀವು ಸ್ವಲ್ಪ ಸುಮ್ಮನಿರಿ” ಎಂದರು.

ಸುಮ್ಮನಾದ ಮೇಲೆಯೇ ನಾನು ಸಿನಿಮಾ ನೋಡಿದ್ದು. ಮಂಚದ ಅಡಿಯಲ್ಲಿ ಅವನು ಮೊಣಕಾಲಿಗೆ ಗಲ್ಲ ತಾಗಿಸಿ ಕುಳಿತಿದ್ದ, ಹೊರಗೆ ಜನ ಓಡುವ ಸದ್ದು ಕೇಳಿದಾಗಲೆಲ್ಲ ಕಣ್ಣು ಮುಚ್ಚುತ್ತಿದ್ದ. ಕಡವಿನ ಮರದ ಬುಡದಲ್ಲಿ ನಾನೂ ಹಾಗೆಯೇ ಕುಳಿತಿದ್ದೆ, ಜಿಲೇಬಿಯೊಂದು ಹೆಚ್ಚು. ಒಮ್ಮೆಲೇ ಅವನ ಮೇಲೆ ನನಗೆ ಎಂಥ ಪ್ರೀತಿ ಹುಟ್ಟಿತು ಎಂದರೆ, ಸೀಟಿನಿಂದ ಎದ್ದು ಹೋಗಿ ಮಂಚದ ಅಡಿಯಲ್ಲಿ ಅವನ ಪಕ್ಕ ಕೂರಬೇಕು ಎನಿಸಿತು. ಕೊನೆಯಲ್ಲಿ ಒಂದು ಮಗು ಕಾರ್ಖಾನೆಯ ಚಿಮಣಿಯ ತುದಿಯಲ್ಲಿ ಸಿಕ್ಕಿಕೊಂಡಿತು. ಇವನು ಬಂದ. ಹಾರಲಿಲ್ಲ. ಗೋಡೆಗೆ ಏಣಿ ಇಟ್ಟು ಕಣ್ಣು ಮುಚ್ಚಿಕೊಂಡು ಒಂದೊಂದೇ ಮೆಟ್ಟಿಲು ಹತ್ತಿದ. ತುದಿ ಮುಟ್ಟಿ ಮಗುವನ್ನು ಎತ್ತಿಕೊಳ್ಳುವಾಗ ಏಣಿ ಜಾರಿತು. ಆಗ ಬೇರೆ ದಾರಿಯಿಲ್ಲದೆ, ಮಗುವಿಗಿಂತ ಜೋರಾಗಿ ಬೊಬ್ಬೆ ಹಾಕುತ್ತ ಹಾರಿದ. ಇಡೀ ಥಿಯೇಟರು ಚಪ್ಪಾಳೆ ತಟ್ಟಿತು. ನನ್ನ ಕಣ್ಣಲ್ಲಿ ನೀರಿತ್ತು. ದೀಪ ಹಾಕಿದಾಗ ಸುಮತಿ ಅದನ್ನು ನೋಡಿದಳು.

ಸಿನಿಮಾ ಬಿಟ್ಟ ಮೇಲೆ ಹೋಟೆಲಿಗೆ ಹೋದೆವು. ಗೋಳಿಬಜೆ ಬಂತು, ಕಾಫಿ ಬಂತು. ಮಾವ ಕಾಫಿಯನ್ನು ಆರಿಸಿಕೊಳ್ಳುತ್ತ, ಹಾರಲು ಬರುವವನು ಏಣಿ ಹತ್ತಿ ಹೋದನಲ್ಲ ಎಂದು ತಮಗೆ ತಾವೇ ಎಂಬಂತೆ ಹೇಳಿದರು. ಆಮೇಲೆ ನನ್ನ ಕಡೆ ತಿರುಗಿ, “ಹೆದರಿಕೆ ಉಂಟು ಅಂತ ಮೊದಲೇ ಒಂದು ಮಾತು ಹೇಳಿದ್ರೆ ಕೆಳಗೆ ಯಾರಾದ್ರೂ ಏಣಿ ಹಿಡೀತಿದ್ರು. ಅಲ್ವಾ?” ಎಂದು ಕೇಳಿದರು.

ಬಾಯಲ್ಲಿದ್ದ ಗೋಳಿಬಜೆ ನುಂಗಲು ಆಗಲಿಲ್ಲ. ಉಗುಳುವ ಹಾಗೂ ಇರಲಿಲ್ಲ. ಕಷ್ಟಪಟ್ಟು ನುಂಗಿ, “ನನಗೆ ದೋಣಿ ಹತ್ತಲು ಹೆದರಿಕೆ” ಎಂದೆ. ಇಷ್ಟು ಹೇಳಲು ಇಷ್ಟು ದಿನ ಬೇಕಾಯಿತು.

ಅಜ್ಜಿ ಬಾಯಿಗೆ ಸೆರಗು ಅಡ್ಡ ಹಿಡಿದರು. ಮಾವನಿಗೆ ಆಶ್ಚರ್ಯವೇನೂ ಆಗಲಿಲ್ಲ. ಚಿಕ್ಕಪ್ಪನನ್ನು ನನ್ನ ಬಳಿ ಕಳುಹಿಸಿದ ಮೇಲೆ ಅವರಿಗೊಂದು ವರ್ತಮಾನ ಸಿಕ್ಕಿತ್ತಂತೆ. ಕಡವಿನಲ್ಲಿ ದೋಣಿ ನಡೆಸುವ ಪೇದ್ರು ಪೊರ್ಬು, ಬಿಳಿ ಪ್ಯಾಂಟಿನವರೊಬ್ಬರು ಮರದ ಬುಡದಲ್ಲಿ ಕುಳಿತು ಜಿಲೇಬಿ ತಿಂದು ಅಳುವ ಮುಖ ಮಾಡಿಕೊಂಡು ಹೋದರು ಎಂದು ಹೇಳಿದ್ದ. ಅದು ನಾನೇ ಇರಬಹುದೆಂದು ಅನುಮಾನ ಬಂದು, ನೋಡಿಯೇ ಬಿಡುವ ಎಂದು ಸಿನಿಮಾಕ್ಕೆ ಬಂದಿದ್ದರು. ಸುಮತಿ ಆಗ ಮೊದಲ ಬಾರಿಗೆ ಬಾಯಿ ಬಿಟ್ಟಳು.

“ಜಿಲೇಬಿ ನಮಗೆ ತಂದದ್ದಾ?”

ಹೌದು ಎಂದೆ. “ಹಾಗಾದ್ರೆ ಕಡವಿನಲ್ಲಿಟ್ಟಾದ್ರೂ ಹೋಗಬಹುದಿತ್ತು” ಎಂದಳು. ಇವಳನ್ನೇ ಮದುವೆಯಾಗಬೇಕು ಎಂದು ನಾನು ಎರಡನೆಯ ಸಲ ನಿಶ್ಚಯಿಸಿದ್ದು ಆಗ.

ಮಾವ ಏಳುವಾಗ, ಮುಂದಿನ ಭಾನುವಾರ ಸರಿಯಾಗಿ ಹನ್ನೊಂದು ಗಂಟೆಗೆ ಊಟಕ್ಕೆ ಬನ್ನಿ, ಹತ್ತಕ್ಕೂ ಬೇಡ, ಹನ್ನೆರಡಕ್ಕೂ ಬೇಡ ಎಂದರು. ಮನೆಗೆ ಹೋಗಿ ಪಂಚಾಂಗ ತೆರೆದು ನೋಡಿದೆ. ಆ ದಿನ ಹನ್ನೊಂದಕ್ಕೆ ಅಂಥ ಒಳ್ಳೆಯ ಗಳಿಗೆಯೇನೂ ಇರಲಿಲ್ಲ.

ಭಾನುವಾರ ಕಡವಿಗೆ ಹೋದಾಗ ಮಾವ ಪಂಚೆ ಎತ್ತಿಕಟ್ಟಿ ಕಾಯುತ್ತಿದ್ದರು. ಪೇದ್ರು ನನ್ನನ್ನು ದೋಣಿಯ ನಡುವೆ ಕೂರಿಸಿದ. ನಾನು ಕಣ್ಣು ಮುಚ್ಚಿದೆ. ದೋಣಿ ಹೊರಟಿತು. ಮಾವ ಪಕ್ಕದಲ್ಲೇ ಮಾತಾಡುತ್ತಿದ್ದರು, ತೆಂಗಿನ ವಿಷಯ, ಮೀನಿನ ವಿಷಯ. ಆದರೆ ಅವರ ಧ್ವನಿ ದೋಣಿಯ ಒಳಗಿನಿಂದ ಬರುತ್ತಿರಲಿಲ್ಲ. ಕಣ್ಣು ತೆರೆದು ನೋಡಿದರೆ ಅವರು ಹೊಳೆಯ ನಡುವೆ, ದೋಣಿಯ ಅಂಚು ಹಿಡಿದುಕೊಂಡು ನಡೆದು ಬರುತ್ತಿದ್ದಾರೆ. ನೀರು ಅವರ ಸೊಂಟಕ್ಕಿತ್ತು. ಇಷ್ಟೇ ಆಳವಾ ಎಂದು ಕೇಳಿದೆ. “ಈಗ ಇಷ್ಟೇ. ನೀವು ಬರುವುದು ಅಂತ ಇಳಿತ ನೋಡಿ ಗಂಟೆ ಹೇಳಿದ್ದು” ಎಂದರು. ಪಂಚಾಂಗದಲ್ಲಿ ಇಲ್ಲದ ಗಳಿಗೆಯನ್ನು ನನಗಾಗಿ ಹೊಳೆಯಲ್ಲಿ ಹುಡುಕಿದ್ದರು ಆ ಮನುಷ್ಯ.

ಊಟ ಜೋರಾಗಿತ್ತು. ಕೋಳಿ ರೊಟ್ಟಿ, ಹೊಳೆಯ ಚಿಪ್ಪಿನ ಸುಕ್ಕ, ಅಜ್ಜಿಯ ಒತ್ತಾಯ. ಕೈ ತೊಳೆದು, ಸ್ವಲ್ಪ ಅಡ್ಡಾಗಿ, ಹೊರಡೋಣ ಎಂದು ಕಡವಿಗೆ ಬಂದರೆ ಉಬ್ಬರ ಬಂದು ಹೊಳೆ ತುಂಬಿ ನಿಂತಿದೆ. ಬರುವ ಗಂಟೆಯನ್ನು ಎಲ್ಲರೂ ಲೆಕ್ಕ ಹಾಕಿದ್ದರು, ಹೋಗುವ ಗಂಟೆಯನ್ನು ಯಾರೂ ಹಾಕಿರಲಿಲ್ಲ. ಮತ್ತೆ ಇಳಿಯುವಾಗ ಕತ್ತಲೆ. ಕತ್ತಲೆಯಲ್ಲಿ ದೋಣಿ ಎಂದಾಗ ನಾನು ಮೆಟ್ಟಿಲ ಮೇಲೆ ಕುಳಿತುಬಿಟ್ಟೆ. ನಾಳೆ ಇಳಿತಕ್ಕೆ ಹೋಗಲಿ ಎಂದರು ಮಾವ. ಮದುವೆಗೆ ಮೊದಲು ವರ ಹೆಣ್ಣಿನ ಮನೆಯಲ್ಲಿ ಮಲಗುವುದುಂಟೇ ಎಂದು ಅಜ್ಜಿ ಹಟ ಹಿಡಿದರು. ಅಂತೂ ಪಕ್ಕದ ಪೇದ್ರುವಿನ ಮನೆಯಲ್ಲಿ ಚಾಪೆ ಹಾಸಿದರು. ಸೋಮವಾರ ಬ್ಯಾಂಕಿಗೆ ಹೋಗದಿದ್ದಕ್ಕೆ ಕೊಟ್ಟ ಕಾರಣವನ್ನು ಇಲ್ಲಿ ಬರೆಯುವುದಿಲ್ಲ.

ಬೆಳಿಗ್ಗೆ ಜಗಲಿಯಲ್ಲಿ ಬಲೆ ಸರಿಮಾಡುತ್ತ ಕುಳಿತ ಪೇದ್ರು ಆ ಸಿನಿಮಾದ ಕಥೆ ಹೇಳಬೇಕು ಎಂದ. ನಾನು ಉತ್ಸಾಹದಿಂದ ಹೇಳಿದೆ. ಆಕಾಶದಿಂದ ಬೆಳಕು ಬಿದ್ದದ್ದು, ಶಕ್ತಿ ಬಂದದ್ದು, ಚಿಮಣಿಯ ತುದಿಯಿಂದ ಮಗುವನ್ನು ಎತ್ತಿಕೊಂಡು ಮೋಡದ ನಡುವೆ ಹಾರಿದ್ದು. ಮಂಚ, ಏಣಿ ಇತ್ಯಾದಿ ಸಣ್ಣಪುಟ್ಟ ವಿವರಗಳನ್ನು ಬಿಟ್ಟುಬಿಟ್ಟೆ. ಪೇದ್ರು ಬಲೆಯನ್ನು ತೊಡೆಯ ಮೇಲಿಟ್ಟು ನನ್ನನ್ನು ನೋಡಿದ.

“ಅವ ಹಾರ್ತಾನಾ?” ಎಂದು ಕೇಳಿದ. “ನಿಮ್ಮ ಮಾವ ಹೇಳಿದ್ದರಲ್ಲಿ ಹಾರುವುದೇ ಇಲ್ಲ.”

ಮಾವ ವಾರವಿಡೀ ದೋಣಿಯಲ್ಲಿ ಬಂದುಹೋಗುವವರಿಗೆಲ್ಲ ಆ ಕಥೆ ಹೇಳಿದ್ದರು. ಅವರ ಕಥೆಯಲ್ಲಿ ಒಬ್ಬ ಹುಡುಗನಿಗೆ ಎತ್ತರ ಎಂದರೆ ಹೆದರಿಕೆ. ಮಂಚದ ಅಡಿಯಲ್ಲಿ ಅಡಗುತ್ತಾನೆ. ಆಮೇಲೆ ಹೊರಗೆ ಬಂದು ತನಗೆ ಹೆದರಿಕೆ ಎಂದು ಹೇಳುತ್ತಾನೆ. ಊರವರೆಲ್ಲ ಬಂದು ಏಣಿ ಹಿಡಿಯುತ್ತಾರೆ, ಅವನು ಹತ್ತುತ್ತಾನೆ. ಕಥೆ ಅಷ್ಟೇ.

ನೀರು ಇಳಿಯುವ ಹೊತ್ತಿಗೆ ನಾನು ಕಡವಿಗೆ ಬಂದೆ. ಕುದುರಿನ ಅರ್ಧಕ್ಕರ್ಧ ಜನ ಅಲ್ಲಿದ್ದರು. ಯಾರೂ ನಗಲಿಲ್ಲ. ಮಾವ ನೀರಿಗಿಳಿದರು, ಅವರ ಹಿಂದೆ ಹೆಸರು ಗೊತ್ತಿಲ್ಲದ ಇನ್ನೂ ಕೆಲವರು ಇಳಿದರು. ಎಲ್ಲರೂ ಎರಡೂ ಕಡೆ ಅಂಚು ಹಿಡಿದುಕೊಂಡು ನಡೆದರು. ದೋಣಿ ನಮ್ಮೂರಿನ ಬಂಡೆಯ ಹಾಗೆ ಅಲುಗದೆ ಹೊಳೆ ದಾಟಿತು. ನಾನು ಕಣ್ಣು ಮುಚ್ಚಿಯೇ ಇದ್ದೆ, ಆದರೆ ಈ ಸಲ ಕಾರಣ ಬೇರೆ, ಇವರೆಲ್ಲರ ಮುಂದೆ ಅಳುವುದು ಬೇಡ ಎಂದು.

ಈಗ ಮಾವ ಇಲ್ಲ, ನನ್ನ ದೋಣಿಯ ಹೆದರಿಕೆ ಇನ್ನೂ ಇದೆ. ಮೊಮ್ಮಕ್ಕಳು ಹಾರುವ ಹೀರೋಗಳ ಸಿನಿಮಾ ನೋಡುವಾಗ ನಾನೂ ಪಕ್ಕದಲ್ಲಿ ಕುಳಿತು, ನಮ್ಮ ಕಾಲದ ಹೀರೋ ಹೇಗಿದ್ದ ಗೊತ್ತಾ ಎಂದು ಮಾವನ ಕಥೆಯನ್ನೇ ಹೇಳುತ್ತೇನೆ. ಏಣಿ ಹಿಡಿಯುವಲ್ಲಿಗೆ ಮುಗಿಸಿ, ಅವನು ನನ್ನ ಹಾಗೆಯೇ ಎಂದು ಒಂದು ಮಾತು ಸೇರಿಸುತ್ತೇನೆ. ಅಷ್ಟರಲ್ಲಿ ಅಡುಗೆಮನೆಯಿಂದ ಸುಮತಿಯ ಧ್ವನಿ ಕೇಳಿಸುತ್ತದೆ: “ಅವ ಕೊನೆಗಾದ್ರೂ ಹಾರಿದ.”